ದಪ್ಪ ಇದ್ದರೆ ಮೂಳೆ ಗಟ್ಟಿ ಅನ್ನುತ್ತಾರೆ, ನನ್ನದೇಕೆ ಮುರಿಯಿತು?

ಪ್ರಶ್ನೆ: ನನಗೆ 54 ವರ್ಷ, ಊರು ಮೂಡಿಗೆರೆ ಹತ್ತಿರ. ತೂಕ 79 ಕೆ.ಜಿ., ಎತ್ತರ 5 ಅಡಿ 1 ಇಂಚು. ಮುಟ್ಟು ನಿಂತು ಐದು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಪಾದದ ಕೀಲಿನ ಹತ್ತಿರ ಮೂಳೆ ಮುರಿಯಿತು. ‘ಇಷ್ಟು ದಪ್ಪ ಇದ್ದೀಯ, ನಿನ್ನ ಮೂಳೆ ಹೇಗೆ ಮುರೀತು?’ ಅಂತ ಎಲ್ಲರೂ ಕೇಳುತ್ತಾರೆ. ಡಾಕ್ಟರು ತೂಕ ಇಳಿಸಿ ಅಂದರು, ರಾತ್ರಿ ಊಟ ಬಿಟ್ಟಿದ್ದೇನೆ. ತೂಕ ಇಳಿದರೆ ಮೂಳೆ ಇನ್ನೂ ಸವೆಯುತ್ತದೆ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ದಪ್ಪ ಇದ್ದವರ ಮೂಳೆ ಗಟ್ಟಿ ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಅದಕ್ಕೆ ಕಾರಣವಿತ್ತು. ದಿನವಿಡೀ ಹೆಚ್ಚು ಭಾರ ಹೊರುವ ಮೂಳೆ ಕೊಂಚ ಸಾಂದ್ರವಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಈಸ್ಟ್ರೋಜನ್ ಬರುವುದು ತೀರಾ ಕಡಿಮೆಯಾದರೂ ಮೈಯ ಕೊಬ್ಬು ಅದನ್ನು ಅಷ್ಟಿಷ್ಟು ತಯಾರಿಸುತ್ತಿರುತ್ತದೆ. ಈ ಹಾರ್ಮೋನು ಮೂಳೆಯನ್ನು ಕಾಯುತ್ತದೆ. ಹಾಗಾಗಿ ನಿಮಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದರೆ ಅಂಕಿ ಚೆನ್ನಾಗಿಯೇ ಬರಬಹುದು.

ಆದರೂ ಮುರಿಯುತ್ತದೆ. 10 ದೇಶಗಳ ಸುಮಾರು 60 ಸಾವಿರ ಮಹಿಳೆಯರನ್ನು ಗಮನಿಸಿದ ‘ಗ್ಲೋ’ ಅಧ್ಯಯನದ ವರದಿಯೊಂದು 2011ರಲ್ಲಿ ಬಂತು. ಮುಟ್ಟು ನಿಂತ, ಬೊಜ್ಜಿರುವ ಮಹಿಳೆಯರಲ್ಲಿ ಮಣಿಕಟ್ಟಿನ ಮುರಿತ ಕಡಿಮೆ ಇತ್ತು, ಪಾದದ ಕೀಲು ಮತ್ತು ತೊಡೆಯ ಮುರಿತ ಹೆಚ್ಚಿತ್ತು. ನಿಮಗೆ ಆಗಿರುವುದೂ ಅದೇ ಜಾಗದಲ್ಲಿ. ಜಾರಿದ ಪಾದ ಒಂದು ಪಕ್ಕಕ್ಕೆ ತಿರುಚಿಕೊಂಡಾಗ ಇಡೀ ಮೈಭಾರ ಆ ಒಂದು ಕೀಲಿನ ಮೇಲೆ ಬೀಳುತ್ತದೆ.

ಇನ್ನು ಕೊಬ್ಬಿನ ವಿಷಯ. ಕೊಬ್ಬನ್ನು ಬರೀ ದಾಸ್ತಾನು ಎಂದು ನೋಡುವ ದೃಷ್ಟಿ ಬದಲಾಗಿದ್ದು ಮುಖ್ಯವಾಗಿ 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆ ಮಾಡಿತು. ಅದನ್ನು ತಯಾರಿಸುವುದೇ ಕೊಬ್ಬು. ಸೊಂಟ, ತೊಡೆಯ ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು ಹೆಚ್ಚು ತೊಂದರೆ ಕೊಡುತ್ತದೆ. ಅದರಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಅವು ಮೂಳೆ ಕರಗಿಸುವ ಕೋಶಗಳನ್ನು ಚುರುಕುಗೊಳಿಸುತ್ತವೆ.

ಮೂಳೆಯ ಒಳಗೂ ಕೊಬ್ಬಿದೆ. ನನಗೆ ಅತ್ಯಂತ ಮುಖ್ಯ ಅನ್ನಿಸುವುದು ಇದೇ. ಮಜ್ಜೆಯಲ್ಲಿರುವ ಒಂದು ಬಗೆಯ ಮೂಲಕೋಶ ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ವಯಸ್ಸಾದಂತೆ, ಈಸ್ಟ್ರೋಜನ್ ಇಳಿದಂತೆ ಅದು ಕೊಬ್ಬಿನ ಕಡೆಗೇ ವಾಲುತ್ತದೆ. ವಯಸ್ಸಾದವರ ಮಜ್ಜೆಯ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ತೆಳುವಾದ ಮೂಳೆಯ ಎಳೆಗಳ ನಡುವೆ ದುಂಡನೆಯ ಬಿಳಿ ಖಾಲಿ ಜಾಗಗಳು ಒತ್ತೊತ್ತಾಗಿ ಕಾಣುತ್ತವೆ. ಸ್ಲೈಡ್ ತಯಾರಿಸುವಾಗ ಕೊಬ್ಬು ಕರಗಿಹೋಗಿ ಉಳಿದ ಗುರುತು ಅದು. ಸಾಮಾನ್ಯ ಡೆಕ್ಸಾ ವರದಿಯಲ್ಲಿ ಈ ಚಿತ್ರ ಸಿಗುವುದಿಲ್ಲ.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಮೂಡಿಗೆರೆಯ ಮಳೆಗಾಲದಲ್ಲಿ ಬಿಸಿಲೂ ಅಪರೂಪ. ಒಮ್ಮೆ ಪರೀಕ್ಷೆ ಮಾಡಿಸಿ, ಜೊತೆಗೆ ಸಕ್ಕರೆಯನ್ನೂ ನೋಡಿಸಿ. ಟೈಪ್ 2 ಮಧುಮೇಹ ಇದ್ದವರ ಮೂಳೆ ಸ್ಕ್ಯಾನಿನಲ್ಲಿ ಸರಿಯಾಗಿ ಕಂಡರೂ ಬೇಗ ಮುರಿಯುತ್ತದೆ.

ನಿಮ್ಮ ನೆಂಟರ ಮಾತು ತಪ್ಪಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೆ. ತೂಕ ಇಳಿಸುವಾಗ ಮೂಳೆಯೂ ಸ್ನಾಯುವೂ ಒಂದಷ್ಟು ಹೋಗುತ್ತವೆ. ಎಷ್ಟು ಹೋಗುತ್ತವೆ ಎಂಬುದು ಇಳಿಸುವ ರೀತಿಯ ಮೇಲಿದೆ. ಅಮೆರಿಕದಲ್ಲಿ ಬೊಜ್ಜಿದ್ದ 160 ಹಿರಿಯರ ಮೇಲೆ ನಡೆದ ಆರು ತಿಂಗಳ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಊಟ ಕಡಿಮೆ ಮಾಡಿ ನಡಿಗೆಯಂಥ ಏರೋಬಿಕ್ ವ್ಯಾಯಾಮವನ್ನಷ್ಟೇ ಮಾಡಿದವರ ಸೊಂಟದ ಮೂಳೆ ಸಾಂದ್ರತೆ ಶೇ 3ರಷ್ಟು ಇಳಿಯಿತು. ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಇಳಿದದ್ದು ಶೇ 0.5, ಎರಡನ್ನೂ ಮಾಡಿದವರಲ್ಲಿ ಶೇ 1. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಿಗೂ ಇದನ್ನೇ ಹೇಳುತ್ತೇನೆ, ವ್ಯಾಯಾಮ ಬಿಡಬೇಡಿ.

ಆದ್ದರಿಂದ ದಯವಿಟ್ಟು ರಾತ್ರಿ ಊಟ ಬಿಡಬೇಡಿ. ಅನ್ನ, ಕಡುಬಿನ ಪ್ರಮಾಣ ಇಳಿಸಿ, ಕಾಳು, ಮೊಟ್ಟೆ, ಮೀನು, ಮಜ್ಜಿಗೆ ಹೆಚ್ಚಿಸಿ. ಮುಟ್ಟು ನಿಂತ ಹೆಣ್ಣಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು. ಕಡೂರು, ಅರಸೀಕೆರೆ ಕಡೆಯ ಮುದ್ದೆ ನಿಮ್ಮ ಮನೆಗೂ ದಿನಕ್ಕೊಂದು ಹೊತ್ತು ಬರಲಿ. ಆದರೆ ರಾಗಿಗೂ ಅಕ್ಕಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಮುದ್ದೆ ತಿಂದರೆ ತಾನಾಗಿ ತೂಕ ಇಳಿಯುವುದಿಲ್ಲ.

ಮುರಿದ ಮೂಳೆ ಪೂರ್ತಿ ಕೂಡಿದೆ ಎಂದು ಡಾಕ್ಟರು ಹೇಳಿದ ಮೇಲೆ ಇದನ್ನು ಶುರುಮಾಡಿ: ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂತು, ಕೈ ಊರದೆ ಏಳಬೇಕು, ಮತ್ತೆ ನಿಧಾನ ಕೂರಬೇಕು. ಧಪ್ಪನೆ ಕೂತರೆ ಪ್ರಯೋಜನವಿಲ್ಲ, ಇಳಿಯುವಾಗಲೇ ತೊಡೆ ಬಿಗಿಯಬೇಕು. ಐದು ಸಲದಿಂದ ಶುರುಮಾಡಿ ಹದಿನೈದಕ್ಕೆ ಏರಿಸಿ. ಅದು ಸಲೀಸಾದಾಗ ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸಿಸಿ. ನನ್ನ ಪ್ರಕಾರ ಯಾವ ಮಾತ್ರೆಗಿಂತಲೂ ಮೊದಲು ಆಗಬೇಕಾದ ಕೆಲಸ ಅದು.

ಪ್ರಶ್ನೆ: ಅರಸೀಕೆರೆಯವನು, 46 ವರ್ಷ. ತೂಕ 64 ಕೆ.ಜಿ., ಎತ್ತರಕ್ಕೆ ತಕ್ಕಷ್ಟೇ ಇದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಸಕ್ಕರೆ ಶುರುವಾಗಿದೆ ಅಂದರು. ತೂಕವೇ ಇಲ್ಲದವನಿಗೆ ಹೇಗೆ?

ಉತ್ತರ: ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ನಿಕ್ ಮೈಯಲ್ಲಿ ಶೇ 21.2. ನಮ್ಮ ಜನರ ಮೈಕಟ್ಟೇ ಹೀಗೆ, ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ತಕ್ಕಡಿ ಬಿಟ್ಟು ಟೇಪು ಹಿಡಿಯಿರಿ. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ಭಾರತೀಯ ಗಂಡಸಿಗೆ 90 ಸೆಂ.ಮೀ., ಹೆಂಗಸಿಗೆ 80 ಸೆಂ.ಮೀ. ಮಿತಿ. ಮೇಲೆ ಹೇಳಿದ ಕುರ್ಚಿ ವ್ಯಾಯಾಮ ನಿಮಗೂ ಬೇಕು. ಸಕ್ಕರೆಯ ಔಷಧ ಎಷ್ಟು ಎಂಬುದನ್ನು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ವರದಿ ಇಟ್ಟುಕೊಂಡು ನಿಮ್ಮ ವೈದ್ಯರ ಜೊತೆ ತೀರ್ಮಾನಿಸಿ.