ಆಸ್ಟ್ರೇಲಿಯಾದಲ್ಲಿ ವ್ಯಾಪಾರದ ಹೆಸರುಗಳ ನೋಂದಣಿ ವ್ಯವಸ್ಥೆ 2012ರಲ್ಲಿ ಹೇಗೆ ಬದಲಾಯಿತು?
2012ರ ಮೇ 28ಕ್ಕೆ ಮೊದಲು ಆಸ್ಟ್ರೇಲಿಯಾದ ಆರು ರಾಜ್ಯಗಳೂ ಎರಡು ಪ್ರಾಂತ್ಯಗಳೂ ವ್ಯಾಪಾರದ ಹೆಸರುಗಳನ್ನು ತಮ್ಮ ತಮ್ಮ ಕಾನೂನಿನಂತೆ ಪ್ರತ್ಯೇಕವಾಗಿ ನೋಂದಾಯಿಸುತ್ತಿದ್ದವು. ಮೆಲ್ಬರ್ನ್‌ನಲ್ಲಿ ಅಂಗಡಿ ಇಟ್ಟವರು ಅದೇ ಹೆಸರಿನಲ್ಲಿ ಸಿಡ್ನಿಯಲ್ಲೂ ವ್ಯವಹರಿಸಬೇಕೆಂದರೆ ಇನ್ನೊಂದು ಅರ್ಜಿ ಹಾಕಿ ಇನ್ನೊಮ್ಮೆ ಶುಲ್ಕ ಕಟ್ಟಬೇಕಿತ್ತು. 2012ರ ಮೇ 28ರಂದು, 2011ರ ವ್ಯಾಪಾರ ಹೆಸರುಗಳ ನೋಂದಣಿ ಕಾಯ್ದೆಯಡಿ, ಈ ಎಂಟೂ ದಾಖಲೆಗಳ ಜಾಗದಲ್ಲಿ ಒಂದೇ ರಾಷ್ಟ್ರೀಯ ದಾಖಲೆ ಬಂದಿತು, ಅದರ ಹೊಣೆ ಕಂಪನಿಗಳ ಮೇಲ್ವಿಚಾರಣೆ ನಡೆಸುವ ಎಎಸ್ಐಸಿ ಆಯೋಗಕ್ಕೆ ಹೋಯಿತು. ಕೇಂದ್ರ ಸಂಸತ್ತು ಇದನ್ನು ತಾನಾಗಿಯೇ ಮಾಡಲಿಲ್ಲ. ರಾಜ್ಯಗಳು ಸಂವಿಧಾನದ 51ನೆಯ ವಿಧಿಯನ್ವಯ ತಮ್ಮ ಅಧಿಕಾರವನ್ನು ಅದಕ್ಕೆ ಒಪ್ಪಿಸಿದವು.

ನಿಜವಾದ ತೊಡಕು ಇದ್ದದ್ದು ಬೇರೆ ಬೇರೆ ರಾಜ್ಯಗಳಲ್ಲಿ ಒಂದೇ ಹೆಸರನ್ನು ಮೊದಲೇ ನೋಂದಾಯಿಸಿಕೊಂಡಿದ್ದವರ ವಿಷಯದಲ್ಲಿ. ಯಾರ ಹೆಸರನ್ನೂ ಕಿತ್ತುಕೊಳ್ಳದೆ, ದಾಖಲೆಯಲ್ಲಿ ಮಾತ್ರ ಗುರುತಿಸಲು ನೆರವಾಗುವ ಪದವೊಂದನ್ನು ಸೇರಿಸುವ ಅವಕಾಶ ಕಲ್ಪಿಸಿದ್ದು ನ್ಯಾಯವಾದ ಪರಿಹಾರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಸುಧಾರಣೆಯ ನೆಪದಲ್ಲಿ ಕಳೆದುಕೊಳ್ಳುವಂತಾಗಬಾರದು.

ಆದರೆ ನೋಂದಣಿಯಿಂದ ಹೆಸರಿನ ಒಡೆತನ ಸಿಗುವುದಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಹೆಸರಿನ ಹಿಂದೆ ಯಾರಿದ್ದಾರೆಂದು ಗ್ರಾಹಕರಿಗೆ ತಿಳಿಸುವುದಷ್ಟೇ ಈ ದಾಖಲೆಯ ಕೆಲಸ. ಇತರರು ಅದನ್ನು ಬಳಸದಂತೆ ತಡೆಯುವ ಹಕ್ಕು ಬೇಕಿದ್ದರೆ 1995ರ ಕಾಯ್ದೆಯಡಿ ಟ್ರೇಡ್‌ಮಾರ್ಕ್ ಅನ್ನು ಪ್ರತ್ಯೇಕವಾಗಿ ಪಡೆಯಬೇಕು. ವ್ಯಾಪಾರದ ಹೆಸರಿನ ನೋಂದಣಿಗೆ ಅರ್ಜಿ ಹಾಕುವವರ ಬಳಿ ಎಬಿಎನ್ ಎಂಬ ವ್ಯಾಪಾರ ಸಂಖ್ಯೆ ಇರಬೇಕು ಅಥವಾ ಅದಕ್ಕೆ ಅರ್ಜಿ ಸಲ್ಲಿಸಿರಬೇಕು. ಸ್ವಂತ ಹೆಸರಿನಲ್ಲೇ, ಬೇರೇನನ್ನೂ ಸೇರಿಸದೆ ವ್ಯಾಪಾರ ಮಾಡುವವರಿಗೆ ಈ ನೋಂದಣಿ ಬೇಕಿಲ್ಲ.