ಮೊದಲ ಸಲ ಜಿಂಕೆ ಬೇಟೆಗೆ ಹೋಗೋ ತಮ್ಮನಿಗೆ

ತಮ್ಮಾ, ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಫೀಸಿನವರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೀತಿದಾರೆ, ಏನೇನ್ ತಗೋಬೇಕು ಅಂತ ಕೇಳಿದೀಯಲ್ಲ, ಓದ್ತಿದ್ದ ಹಾಗೇ ನನ್ನ ಮೊದಲನೇ ಸೀಸನ್ ನೆನಪಾಯ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಂದ್ರೆ ಜೈಲು, ಮನೇಲಿ ಹೇಳೋಕೂ ಮುಜುಗರ, ಅದನ್ನ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗೋ ಒಂಬತ್ತು ದಿನದ ಬೇಟೆ ಸೀಸನ್‌ಗೆ ಊರಿಗೂರೇ ಕಾಡಿಗೆ ಹೊರಡತ್ತೆ.

ಮೊದಲು ಪೇಪರ್ಸ್. 1973ರಿಂದ ಈಚೆಗೆ ಹುಟ್ಟಿದವರಿಗೆಲ್ಲ ಹಂಟರ್ ಎಜುಕೇಶನ್ ಕೋರ್ಸ್ ಆಗಿರಬೇಕು. ನೀನು ಎಚ್1ಬಿ ವೀಸಾದಲ್ಲಿ ಇದೀಯ, ಹಾಗಾಗಿ ಲೈಸೆನ್ಸ್ ಕೈಗೆ ಬರೋ ತನಕ ಬೇರೆಯವರ ರೈಫಲ್ ಕೂಡ ಹಿಡೀಬೇಡ, ವೀಸಾದವರು ಬಂದೂಕು ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ಅಪರಾಧ, ಹಂಟಿಂಗ್ ಲೈಸೆನ್ಸ್ ಇದ್ರೆ ಮಾತ್ರ ವಿನಾಯಿತಿ. ಒಂದ್ಸಲ ಇಮಿಗ್ರೇಶನ್ ಲಾಯರ್‌ನೂ ಕೇಳಿಬಿಡು, ಇಷ್ಟು ಕಷ್ಟಪಟ್ಟು ಬಂದು ಇದಕ್ಕೋಸ್ಕರ ವಾಪಸ್ ಹೋಗೋ ಹಾಗಾಗಬಾರದು.

ಬಟ್ಟೆ ವಿಷಯಕ್ಕೆ, ಸೊಂಟದಿಂದ ಮೇಲೆ ಹೊರಗಿನ ಬಟ್ಟೆ ಅರ್ಧಕ್ಕಾದ್ರೂ ಬ್ಲೇಜ್ ಆರೆಂಜ್ ಇಲ್ಲಾ ಪಿಂಕ್, ಅಂದ್ರೆ ದೂರದಿಂದಲೇ ಕಣ್ಣಿಗೆ ಹೊಡೆಯೋ ಬಣ್ಣ, ಇರಬೇಕು, ಟೋಪಿ ಹಾಕಿದ್ರೆ ಅದೂ. ಒಳಗೆ ಕಾಟನ್ ಬೇಡವೇ ಬೇಡ, ಉಣ್ಣೆದು ಹಾಕು. ದಪ್ಪ ಜಾಕೆಟ್‌ನ ನಡೆಯುವಾಗ ಬ್ಯಾಗಲ್ಲಿ ಇಟ್ಕೊಂಡು, ಕೂರೋ ಜಾಗ ತಲುಪಿ ಬೆವರು ಆರಿದ ಮೇಲೆ ಹಾಕ್ಕೋ. ಬೂಟ್ ಟೈಟ್ ಆಗೋ ಹಾಗೆ ಎರಡೆರಡು ಸಾಕ್ಸ್ ಹಾಕಬೇಡ, ರಕ್ತ ಓಡಾಡದೆ ಕಾಲು ಇನ್ನೂ ಬೇಗ ಮರಗಟ್ಟತ್ತೆ. ಮರದ ಮೇಲೆ ಕೂರೋದಾದ್ರೆ ಹಾರ್ನೆಸ್‌ನ, ಅಂದ್ರೆ ಬೀಳದ ಹಾಗೆ ಮೈಗೆ ಕಟ್ಕೊಳ್ಳೋ ಪಟ್ಟಿನ, ನೆಲದಲ್ಲೇ ಕಟ್ಕೊಂಡು ಹತ್ತು. ಟಾರ್ಚು, ಚಾಕು, ದಿಕ್ಸೂಚಿ ಇವೆಲ್ಲ ಕರೆದವರೇ ಹೇಳ್ತಾರೆ ಬಿಡು.

ನಾನು ನಿಜವಾಗಿ ಹೇಳಬೇಕಾಗಿರೋದು ಬೇರೆ. ನನ್ನ ಆ ಮೊದಲನೇ ಸೀಸನ್‌ನಲ್ಲಿ ರೈಫಲ್ ಸ್ನೇಹಿತನದು, ಅಕ್ಟೋಬರ್‌ನಲ್ಲಿ ಶೂಟಿಂಗ್ ರೇಂಜಿಗೆ ಹೋಗಿ 100 ಗಜಕ್ಕೆ ಸ್ಕೋಪ್, ಅಂದ್ರೆ ಗುರಿ ನೋಡೋ ದುರ್ಬೀನು, ಸರಿ ಮಾಡ್ಕೊಂಡಿದ್ದೆ, ಮೂರು ಗುಂಡೂ ಒಂದೇ ಕಡೆ ಬಿದ್ದು ಎಷ್ಟು ಹೆಮ್ಮೆ ನನಗೆ. ಆಮೇಲೆ ಆ ಗುಂಡು ಖಾಲಿ ಆಯ್ತು ಅಂತ ಬೇಟೆಯ ಹಿಂದಿನ ದಿನ ಬೇರೆ ತೂಕದ ಗುಂಡಿನ ಬಾಕ್ಸ್ ತಂದೆ, ತೂಕ ಬದಲಾದ್ರೆ ಗುಂಡು ಬೀಳೋ ಜಾಗಾನೂ ಬದಲಾಗತ್ತೆ, ಆದ್ರೂ ಒಂದು ಸಲಾನೂ ಹೊಡೆದು ನೋಡಲಿಲ್ಲ. ಬೆಳಗ್ಗೆ ಜೀನ್ಸ್ ಹಾಕ್ಕೊಂಡು ದಬದಬ ನಡೆದು ಬೆವೆತು ಕೂತವನಿಗೆ ಸಂಜೆ ನಾಲ್ಕರ ಹೊತ್ತಿಗೆ ಕೈ ನಡುಗ್ತಾ ಇತ್ತು, ಆಗಲೇ ಆ ಹೆಣ್ಣು ಜಿಂಕೆ ಬಂತು. ಹೊಡೆದೆ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸ್ಕೊಂಡು ನಿಧಾನಕ್ಕೆ ಪೊದೆ ಒಳಗೆ ಹೋಯ್ತು.

ಕತ್ತಲಾಗತ್ತೆ ಅಂತ ನಾನು ತಕ್ಷಣ ಇಳಿದು ಹಿಂದೆ ಹೋದೆ. ಓಕ್ ಎಲೆ ಮೇಲೆ ಉಗುರಿನಷ್ಟು ರಕ್ತ ಸಿಕ್ತು, ಕೆಂಪಲ್ಲ, ಕಂದು, ಅದರಲ್ಲಿ ಜಗಿದ ಹುಲ್ಲಿನ ಹಸಿರು ಚೂರು, ಮೂಗಿನ ಹತ್ರ ತಂದ್ರೆ ಹುಳಿ ವಾಸನೆ. ಹೊಟ್ಟೆಗೆ ಬಿದ್ದಿದೆ ಅಂತ ಅದರ ಅರ್ಥ, ನನಗೆ ಗೊತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಹೋದಾಗ ಪೊದೆಯಲ್ಲಿ ಮಲಗಿದ್ದಿದ್ದು ಎದ್ದು ಓಡ್ತು. ಎಂಟು ಹತ್ತು ಗಂಟೆ ಬಿಟ್ಟಿದ್ರೆ ಬಹುಶಃ ಅಲ್ಲೇ ಪ್ರಾಣ ಬಿಟ್ಟಿರೋದು. ರಾತ್ರಿ ಹಿಮ ಬಿದ್ದು ಜಾಡೆಲ್ಲ ಮುಚ್ಚಿಹೋಯ್ತು, ಮಾರನೇ ದಿನ ಮಧ್ಯಾಹ್ನದ ತನಕ ಹುಡುಕಿದ್ರೂ ಸಿಗಲಿಲ್ಲ. ಅಮ್ಮನಿಗೆ ಪ್ರತಿ ವಾರ ಫೋನ್ ಮಾಡ್ತೀನಿ, ಇಲ್ಲಿ ನಡೆಯೋದೆಲ್ಲ ಹೇಳ್ತೀನಿ, ಇದನ್ನ ಮಾತ್ರ ಇವತ್ತಿಗೂ ಹೇಳಿಲ್ಲ.

ಅದಕ್ಕೇ ಹೇಳೋದು, ಯಾವ ಗುಂಡಲ್ಲಿ ಬೇಟೆಗೆ ಹೋಗ್ತೀಯೋ ಅದೇ ಗುಂಡಲ್ಲಿ ಸ್ಕೋಪ್ ಸರಿ ಮಾಡ್ಕೋ, ಎರಡು ಬಾಕ್ಸ್ ಒಟ್ಟಿಗೆ ತಗೋ, ಬೆಂಚ್ ಮೇಲಲ್ಲದೆ ನೆಲದಲ್ಲಿ ಕೂತು, ದಪ್ಪ ಜಾಕೆಟ್ ಹಾಕ್ಕೊಂಡೂ ಹೊಡೆದು ನೋಡು. ಕೈ ನಡುಗ್ತಿದ್ರೆ ಹೊಡೀಬೇಡ, ಜಿಂಕೆ ಹೋದ್ರೆ ಹೋಗ್ಲಿ. ಗುಂಡು ಸರಿಯಾಗೇ ಬಿತ್ತು ಅನ್ಸಿದ್ರೂ ಅರ್ಧ ಗಂಟೆ ಕೂತಲ್ಲೇ ಕೂತಿರು. ಜಿಂಕೆ ಸಿಕ್ಕಿದ್ರೆ ಮಾರನೇ ದಿನ ಸಂಜೆ ಐದರೊಳಗೆ ಅದನ್ನ ಸರ್ಕಾರದ ಹತ್ರ ರಿಜಿಸ್ಟರ್ ಮಾಡಬೇಕು, ಮರೀಬೇಡ. ಅಕ್ಟೋಬರ್‌ನಲ್ಲಿ ರೇಂಜಿಗೆ ಹೊರಟಾಗ ಒಂದು ಮೆಸೇಜ್ ಹಾಕು, ನಾನೂ ಬರ್ತೀನಿ.