ಅಲ್ಪವಿರಾಮ ಚಿಹ್ನೆಗೆ (,) ಇರುವ ‘ಕಾಮಾ’ ಎಂಬ ಇಂಗ್ಲಿಷ್ ಪದದ ಮೂಲ ಯಾವುದು?

ಮೂಲ ಗ್ರೀಕ್, ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಮೂಲಕ. ಗ್ರೀಕಿನಲ್ಲಿ ‘ಕೊಪ್ಟೈನ್’ ಎಂದರೆ ಕತ್ತರಿಸು. ಅದರಿಂದಾದ ‘ಕೊಮ್ಮಾ’ ಎಂದರೆ ಕತ್ತರಿಸಿದ ತುಂಡು. ಮುಖ್ಯವಾದ ಮಾತೆಂದರೆ, ಅದು ಮೊದಲಿಗೆ ಚಿಹ್ನೆಯ ಹೆಸರೇ ಅಲ್ಲ, ವಾಕ್ಯದ ಸಣ್ಣ ತುಂಡಿನ ಹೆಸರು. ಅದಕ್ಕಿಂತ ದೊಡ್ಡ ತುಂಡು ‘ಕೋಲನ್’, ಪೂರ್ತಿ ವಾಕ್ಯ ‘ಪೆರಿಯೊಡೊಸ್’. ಚಿಹ್ನೆಗಳ ಹೆಸರಾದ ಕೋಲನ್ (:), ಪೀರಿಯಡ್ (ಪೂರ್ಣವಿರಾಮ) ಪದಗಳೂ ಹೀಗೇ ಬಂದವು.

ಕ್ರಿ.ಪೂ. 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಪಾಲಕ ಅರಿಸ್ಟೊಫನೀಸ್ (ಬೈಜಾಂಟಿಯಮ್‌ನವನು, ಅದೇ ಹೆಸರಿನ ನಾಟಕಕಾರನಲ್ಲ) ಓದುವಾಗ ಎಲ್ಲಿ ಎಷ್ಟು ನಿಲ್ಲಬೇಕೆಂದು ತೋರಿಸಲು ಅಕ್ಷರದ ತಲೆ, ನಡು, ಬುಡದ ಮಟ್ಟದಲ್ಲಿ ಚುಕ್ಕೆ ಇಡುವ ಕ್ರಮ ತಂದ. ಕಾಲಕ್ರಮದಲ್ಲಿ ತುಂಡಿನ ಹೆಸರೇ ಗುರುತಿಗೂ ಅಂಟಿತು. ಈಗಿನ ಬಾಲದ ಆಕಾರ ಬಹಳ ಈಚಿನದು: ಮಧ್ಯಯುಗದ ಓರೆಗೆರೆ (/) ಕುಗ್ಗಿ, ಸಾಲಿನ ಬುಡಕ್ಕಿಳಿದು, 15ನೇ ಶತಮಾನದ ಕೊನೆಗೆ ವೆನಿಸ್‌ನ ಆಲ್ಡಸ್ ಮನೂಷಿಯಸ್‌ನ ಮುದ್ರಣಾಲಯದಲ್ಲಿ ಗಟ್ಟಿಗೊಂಡಿತು.